ಹೆಬ್ಬೆರಳಿನ ನರಹುಲಿಗೆ ಐಸ್ ಹಾಕಿಸಿದ್ದು

ನಾನು ತಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಹೋದ ವರ್ಷ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಒಂದು ನರಹುಲಿ ಎದ್ದಿತು. ಬೋರ್ಡಿನ ಮೇಲೆ ಬರೆಯುವಾಗ ಚಾಕ್‌ಪೀಸು ಸರಿಯಾಗಿ ಅದಕ್ಕೇ ಒತ್ತುತ್ತಿತ್ತು. ಮೂಗೂರಿನ ಮನೆಯಲ್ಲಿ ಅತ್ತೆಯದು ಒಂದೇ ಮಾತು: “ಕುದ್ರೆ ಬಾಲದ ಕೂದ್ಲು ಕಟ್ಟಮ್ಮಿ, ಉದ್ರೋಯ್ತದೆ.”

ಮೂಗೂರಿನಲ್ಲಿ ಕುದುರೆಯನ್ನು ಎಲ್ಲಿ ಹುಡುಕಲಿ? ನಂಜನಗೂಡಿನ ಚರ್ಮದ ಡಾಕ್ಟರ ಹತ್ತಿರ ಹೋದೆ.

ಅವರು ಫ್ಲಾಸ್ಕಿನಂಥ ಡಬ್ಬಿಯ ಮುಚ್ಚಳ ತೆಗೆದರು. ಬಿಳಿ ಹೊಗೆ ಎದ್ದಿತು. “ಲಿಕ್ವಿಡ್ ನೈಟ್ರೋಜನ್, ಐಸಿಗಿಂತ ತುಂಬಾ ತಣ್ಣಗಿರುತ್ತೆ. ನರಹುಲಿ ಹೆಪ್ಪುಗಟ್ಟಿ ಉದುರುತ್ತೆ. ಗುಳ್ಳೆ ಬರಬಹುದು, ಒಡೀಬೇಡಿ. ಬೆರಳ ತುದಿ ಜೋಮು ಹಿಡೀಬಹುದು. ಬಿಳಿ ಕಲೆ ಉಳೀಬಹುದು. ಕೀವಾದ್ರೆ ತಕ್ಷಣ ಬನ್ನಿ” ಎಂದರು. ನಾನು ಪರೀಕ್ಷೆಯ ದಿನ ಸೂಚನೆಗಳನ್ನು ಓದುವ ಹಾಗೆಯೇ ಇತ್ತು ಅವರ ದನಿ. ನಾನೂ ನನ್ನ ಕ್ಲಾಸಿನ ಮಕ್ಕಳ ಹಾಗೆಯೇ ತಲೆಯಾಡಿಸಿದೆ. ಒಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ತಣ್ಣಗಾಗುತ್ತದೆ ಅಂದುಕೊಂಡಿದ್ದೆ. ಅವರು ಅದರಲ್ಲಿ ಅದ್ದಿದ ಹತ್ತಿಯನ್ನು ನರಹುಲಿಗೆ ಒತ್ತಿದಾಗ ಕೆಂಡ ಮುಟ್ಟಿದ ಹಾಗಾಯಿತು. ಮಾರನೆಯ ಬೆಳಿಗ್ಗೆ ಹೆಬ್ಬೆರಳ ಮೇಲೆ ರಕ್ತ ತುಂಬಿದ ಗುಳ್ಳೆ, ಕಪ್ಪು ದ್ರಾಕ್ಷಿಯಷ್ಟು. ಅತ್ತೆ ಕನ್ನಡಕ ಹಾಕಿಕೊಂಡೇ ನೋಡಿದರು. “ಐಸ್ ಮಡುಗುದ್ರೆ ಸುಟ್ಟೋಯ್ತದಾ? ಇದ್ಯಾವ ಸೀಮೆ ಐಸವ್ವ!”

ಸ್ಕೂಲಿನಲ್ಲಿ ಹಾಜರಿ ಮಿಷಿನ್ನಿಗೆ ಹೆಬ್ಬೆರಳು ಒತ್ತಿದರೆ, ‘ಮತ್ತೊಮ್ಮೆ ಪ್ರಯತ್ನಿಸಿ’ ಎಂದು ಅದೊಂದೇ ರಾಗ. ಹೆಡ್‌ಮಾಸ್ಟರು ಬಗ್ಗಿ ನೋಡಿದರು. “ಮಿಷಿನ್ ಪ್ರಕಾರ ನೀವು ಬಂದಿಲ್ಲ ಮೇಡಂ. ಆದ್ರೂ ಒಂಬತ್ತನೇ ಕ್ಲಾಸಿಗೆ ಹೋಗಿ.”

ಮೂರನೆಯ ದಿನ ತೆಂಗಿನಕಾಯಿ ತುರಿಯುವಾಗ ಗುಳ್ಳೆ ಒಡೆಯಿತು. ಬೆರಳು ಊದಿ, ಕೀವು ಕಂಡು, ಮತ್ತೆ ನಂಜನಗೂಡಿನ ಬಸ್ಸು ಹತ್ತಿದೆ. ಡಾಕ್ಟರು ಬೈಯಲಿಲ್ಲ, ಗಾಯ ತೊಳೆದು, ಮಾತ್ರೆ ಬರೆದು, “ಹೇಳಿದ್ದೆ ಅಲ್ವಾ?” ಎಂದರು. ಗಾಯ ವಾಸಿಯಾಯಿತು, ನರಹುಲಿಯೂ ಹೋಯಿತು, ಆದರೆ ತುದಿ ಮಾತ್ರ ಮರಗಟ್ಟಿತ್ತು. ಒಂದು ದಿನ ಹಾಲಿನ ಬಿಸಿ ನೋಡಲು ಅದ್ದಿದರೆ ಏನೂ ಗೊತ್ತಾಗಲಿಲ್ಲ. ಪಕ್ಕದ ಬೆರಳು ತಾಕಿದಾಗಲೇ ನಾನು ಚೀರಿದ್ದು. ನಿಜವಾಗಿ ಹೆದರಿದ್ದು ಆಗ. ಇನ್ನು ಮುಂದೆ ಹೀಗೇ ಇದ್ದುಬಿಟ್ಟರೆ? ಎರಡು ತಿಂಗಳ ಮೇಲೆ ಸೂಜಿ ಚುಚ್ಚಿದಂತೆ ಸ್ಪರ್ಶ ಮರಳಿತು. ನರಹುಲಿ ಇದ್ದ ಜಾಗದಲ್ಲಿ ದುಂಡನೆಯ ಬಿಳಿ ಚುಕ್ಕೆ ಮಾತ್ರ ಉಳಿಯಿತು.

ಅದನ್ನು ದಿನಾ ಪರೀಕ್ಷಿಸುತ್ತಿದ್ದ ಅತ್ತೆ ಒಂದು ಬೆಳಿಗ್ಗೆ ಕಾಲು ಚಾಚಿ ಅಂಗಾಲು ತೋರಿಸಿದರು. “ನಂಗೂ ಒಂದದೆ ಕಣಮ್ಮಿ. ಆರು ತಿಂಗ್ಳಾಯ್ತು. ನಿಂಗೆ ವಾಸಿ ಆಯ್ತದಾ ನೋಡ್ಮ ಅಂತ ಸುಮ್ನಿದ್ದೆ.”

ಕರೆದುಕೊಂಡು ಹೋದೆ. ಡಾಕ್ಟರು ಕಾಲು ಒತ್ತಿ ನೋಡಿ, ಶುಗರ್ ಇದೆಯಾ ಎಂದು ಕೇಳಿದರು. ಇದೆ ಎಂದೆ. “ಹಾಗಿದ್ರೆ ನಿಮಗೆ ಈ ನೈಟ್ರೋಜನ್ ಹಾಕೋದು ಬೇಡ ತಾಯಿ. ಗಾಯ ಬೇಗ ಮಾಯಲ್ಲ.”

“ನಮ್ ಸೊಸೆಗಾದ್ರೆ ಹಾಕ್ತೀರಿ, ನಂಗ್ಯಾಕ್ ಹಾಕಲ್ಲ?” ಎಂದು ಅತ್ತೆ ಪಟ್ಟು ಹಿಡಿದರು. ಡಾಕ್ಟರು ನಗುತ್ತಲೇ ಮುಲಾಮು ಬರೆದು, ದಿನಾ ಕಾಲು ನೋಡಿಕೊಳ್ಳಬೇಕೆಂದು ನನಗೆ ಹೇಳಿದರು. ಈ ಸಲ ಪ್ರತಿಯೊಂದು ಮಾತನ್ನೂ ಚೀಟಿಯಲ್ಲಿ ಬರೆದುಕೊಂಡೆ.

ಬಸ್ಸಿನಲ್ಲಿ ಅತ್ತೆ ಪಕ್ಕದ ಹೆಂಗಸಿಗೆ ಹೆಮ್ಮೆಯಿಂದ ಹೇಳುತ್ತಿದ್ದರು: “ನನ್ ಕಾಲು ಬಲೇ ಸೂಕ್ಷ್ಮ ಕಣವ್ವ. ಡಾಕ್ಟ್ರೇ ಮುಟ್ಟಕ್ ಎದ್ರುಕೊಂಡ್ರು.”