ತೊಗಲಿನ ಗಾದಿ

ಆ ಜೀಪಿನ ಗಾದಿ ತೊಗಲಿನದಾಗಿರಲಿಲ್ಲ. ತೊಗಲಿನದು ಎಂದು ಹೇಳಿದವಳು ನಾನು. ನನ್ನ ಯಜಮಾನರ ಸೋದರತ್ತೆ ಗಂಗೂ ಅತ್ಯಾ ಅವರಿಗೆ ನಾನು ಗೊತ್ತಿದ್ದೂ ಗೊತ್ತಿದ್ದೂ ಆಡಿದ ಸುಳ್ಳು ಅದು. ಅದರ ಫಲ ಕಣ್ಣೆದುರು ಬಂದು ನಿಂತ ದಿನ ನಾನು ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದೆ. ಹಿರೇಕೆರೂರಿನಲ್ಲಿ ಅತ್ಯಾ ಅವರ ತಂಗಿ ತುಂಗಕ್ಕ ತೀರಿಕೊಂಡರೆಂದು ಸುದ್ದಿ ಬಂತು. ಗಾಬರಿಯಿಂದ ಎದ್ದೆ. ಮೊರ ಓರೆಯಾಗಿ, ಆರಿಸಿದ ಅಕ್ಕಿಯೂ ಆರಿಸದ ಅಕ್ಕಿಯೂ ಒಂದಾದವು.

ಇಷ್ಟು ವರ್ಷ ಬಾಯಿಬಿಡದವಳು ಈಗ ಯಾಕೆ ಬರೆಯುತ್ತಿದ್ದೇನೆಂದರೆ — ಮನೆಯಲ್ಲಿ ಗಾಡಿ ಕೊಳ್ಳುವ ಮಾತು ನಡೆದಿದೆ. ಮಗ ಎರಡು ಗಾಡಿ ನೋಡಿ ಬಂದಿದ್ದಾನೆ. ಒಂದರಲ್ಲಿ ಕಾಲು ಚಾಚಲು ಜಾಗ ಹೆಚ್ಚಂತೆ, ಇನ್ನೊಂದರಲ್ಲಿ ಬೆನ್ನಿಗೆ ಸುಖವಂತೆ. "ಅವ್ವಾ, ನೀನ ಒಮ್ಮೆ ಕೂತು ನೋಡಿ ಹೇಳು" ಅಂದ. ಎಂಬತ್ತನೆಯ ಇಸವಿಯ ಸುಮಾರಿಗೆ ಅವನ ತಂದೆ ನನಗೆ ಹೇಳಿದ್ದೂ ಇದೇ ಮಾತು.

ಆಗ ನಾವು ಶಿಗ್ಗಾವಿಯಲ್ಲಿದ್ದೆವು. ಇವರು ವಕೀಲರು. ಅತ್ಯಾ ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವರು. ನಾನು ಸೊಸೆಯಾಗಿ ಬರುವ ಹೊತ್ತಿಗೇ ಕೆಂಪು ಸೀರೆ, ತಲೆಯ ಮೇಲೆ ಸೆರಗು, ದಿನವಿಡೀ ಮಡಿ. ಯಾರನ್ನೂ ಮುಟ್ಟುವಂತಿಲ್ಲ, ಯಾರೂ ಮುಟ್ಟುವಂತಿಲ್ಲ. ಹಾಗಾಗಿ ಅವರು ಬಸ್ಸು ಹತ್ತಿದವರೇ ಅಲ್ಲ. ಅವರಿಗಿದ್ದದ್ದು ಒಬ್ಬಳೇ ತಂಗಿ. ಆಕೆಯ ಮೊಮ್ಮಗನ ಮುಂಜಿವೆ ಗೊತ್ತಾಗಿತ್ತು. ಆಕೆ ಹಾಸಿಗೆ ಹಿಡಿದಿದ್ದಳು. "ಅಕ್ಕನ್ನ ಹೆಂಗಾದರೂ ಮಾಡಿ ಕರಕೊಂಡು ಬರ್ರಿ, ಒಂದ ಸಲ ನೋಡ್ತೇನಿ" ಎಂದು ಹೇಳಿ ಕಳಿಸಿದ್ದಳು.

ಅದಕ್ಕಾಗಿಯೇ ಬಾಡಿಗೆ ಗಾಡಿ. ಇವರಿಗೆ ಕೋರ್ಟು. ಎರಡು ಗಾಡಿಯವರನ್ನು ಮನೆಗೇ ಕಳಿಸಿದರು.

ಮೊದಲು ಬಂದದ್ದು ದುಂಡಸಿಯ ಬಸಪ್ಪನ ಜೀಪು. ಹಿಂದೆ ಎರಡು ಉದ್ದ ಸೀಟು, ಎದುರುಬದುರು. ಕೂತರೆ ಒಬ್ಬರ ಮೊಣಕಾಲು ಒಬ್ಬರಿಗೆ. ಮೇಲೆ ತಾಡಪತ್ರಿ, ಅದನ್ನು ಹಿಡಿದ ಕಬ್ಬಿಣದ ಕಂಬಿ ಸರಿಯಾಗಿ ನನ್ನ ತಲೆಯ ಎತ್ತರಕ್ಕೆ.

"ಇದು ಬಡಿತದಲ್ಲೋ" ಅಂದೆ.

"ಬಡೀಲಿ ಬಿಡ್ರೀ ಬಾಯಾರ, ನಿದ್ದಿ ಹತ್ತಂಗಿಲ್ಲ, ಊರು ನೋಡ್ಕೋಂತ ಹೋಗಬಹುದು. ಎಂಟು ಮಂದಿ ಆರಾಮ ಕುಂಡ್ರತಾರ. ಬೀಗರಾದ್ರ ಹನ್ನೆರಡು." ಆಮೇಲೆ ತಾನೇ ಒಳಗಿನ ತುದಿ ತೋರಿಸಿದ. "ಅಜ್ಜೀರಿಗೆ ಈ ಮೂಲಿ ಬಿಟ್ಟುಕೊಡ್ರಿ. ಯಾರೂ ಮುಟ್ಟಂಗಿಲ್ಲ."

ಸರಿಯಾದ ಮಾತೇ. ಉಣ್ಣೆಯ ಧಾಬಳಿ ಹಾಸಿಕೊಂಡರೆ ಮೈಲಿಗೆ ತಾಕುವುದಿಲ್ಲವೆಂಬುದು ನಮ್ಮಲ್ಲಿಯ ನಂಬಿಕೆ. ಧಾಬಳಿ ಹಾಸಿ, ಪಕ್ಕದಲ್ಲಿ ಗೇಣು ಜಾಗ ಬಿಟ್ಟರೆ ಅತ್ಯಾ ಹಿರೇಕೆರೂರು ಮುಟ್ಟುತ್ತಿದ್ದರು.

ಆಮೇಲೆ ಸವಣೂರಿನ ಖಾದರ್‌ಸಾಬರ ವ್ಯಾನು. ಎಲ್ಲ ಸೀಟೂ ಮುಂದಕ್ಕೆ ಮುಖ ಮಾಡಿದ್ದವು, ಇಬ್ಬಿಬ್ಬರಿಗೆ ಒಂದೊಂದು. ಕೂತೆ — ಬೆನ್ನು ಹಿಂದಕ್ಕೆ ಒರಗಿತು, ಕಾಲು ಮುಂದಕ್ಕೆ ಹೋಯಿತು, ಗಾಜು ಸರಿಸಿದರೆ ಧೂಳಿಲ್ಲ. "ತವರುಮನಿ ಕಟ್ಟಿ ಮ್ಯಾಲೆ ಕುಂತಂಗ ಆಗ್ತೈತಿ ನೋಡ್ರಿ" ಅಂದರು ಸಾಬರು. ನಿಜವಾಗಿಯೂ ಹಾಗೇ ಆಗಿತ್ತು. ಆದರೆ ಇಲ್ಲಿ ಅತ್ಯಾ ಕೂತರೆ ಇಬ್ಬರ ಸೀಟು ಅವರೊಬ್ಬರಿಗೇ ಹೋಗುತ್ತದೆ. ಸವಣೂರಿನಲ್ಲಿದ್ದ ನನ್ನ ಅಕ್ಕನನ್ನು ಇದೇ ವ್ಯಾನಿನಲ್ಲಿ ಕರೆಸಿಕೊಂಡು, ದಾರಿಯುದ್ದಕ್ಕೂ ಒಂದೇ ಸೀಟಿನಲ್ಲಿ ಕೂತು ಮಾತಾಡಬೇಕೆಂದು ಅಷ್ಟರಲ್ಲೇ ನಾನು —

ಅಷ್ಟೇ. ಮೆತ್ತನೆ ಸೀಟು, ಅಕ್ಕನ ಮಾತು, ರೇಷ್ಮೆ ಸೀರೆಗೆ ಧೂಳು ಹತ್ತಬಾರದೆಂಬ ಆಸೆ. ಒಂದು ದಿನವಾದರೂ ಅತ್ಯಾ ಅವರಿಂದ "ಅತ್ತ ಸರಿ, ಮುಟ್ಟಬ್ಯಾಡ" ಅನ್ನಿಸಿಕೊಳ್ಳದೆ ಇರಬೇಕೆಂಬ ಆಸೆಯೂ ಇತ್ತು. ಅದನ್ನೂ ಮುಚ್ಚಿಡುವುದಿಲ್ಲ.

ಸಂಜೆ ಅತ್ಯಾ ದೇವರ ಮನೆಯ ಮುಂದೆ ಹೂಬತ್ತಿ ಹೊಸೆಯುತ್ತಿದ್ದರು.

"ಯಾವ ಗಾಡಿ ಗೊತ್ತಾತ, ಸುಶೀಲಾ?"

"ವ್ಯಾನು, ಅತ್ಯಾ. ಆದರ ನಿಮಗ ಜಾಗಾ ಆಗೂದಿಲ್ಲ. ಒಬ್ಬರಿಗೊಬ್ಬರು ತಾಕಿಕೊಂಡ ಕೂಡಬೇಕು."

"ಹಂಗಾರ ಜೀಪು ಯಾಕ ಬ್ಯಾಡ? ನಾ ಒಂದು ಮೂಲ್ಯಾಗ ಧಾಬಳಿ ಹಾಸಿಕೊಂಡು ಕೂಡ್ತೇನಿ."

"ಅದರ ಗಾದಿ ತೊಗಲಿಂದು, ಅತ್ಯಾ."

ತೊಗಲಿನ ಮುಂದೆ ಧಾಬಳಿಯೂ ನಡೆಯದು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ಮಾತು ಆರಿಸಿದ್ದೆ. ಅವರ ಬೆರಳು ಹತ್ತಿಯ ಮೇಲೆ ನಿಂತವು. ಆಮೇಲೆ ಅಂದರು, "ಮದಲ ನೋಡಿ ಹೇಳಿದೆಲ್ಲ, ಪುಣ್ಯಾತಗಿತ್ತಿ. ಇಲ್ಲಾಂದ್ರ ಈ ವಯಸ್ಸಿನ್ಯಾಗ ನನ್ನ ಮಡಿ ಹೋಗ್ತಿತ್ತು."

ನನಗೆ ಬೈದಿದ್ದರೆ — ಇಲ್ಲ, ಆಗಲೂ ನಾನು ನಿಜ ಹೇಳುತ್ತಿರಲಿಲ್ಲ. ಇವರಿಗೆ ಮಾತ್ರ, "ಅತ್ಯಾ ಬರೂದಿಲ್ಲಂತ, ಮಡಿಗೆ ತ್ರಾಸಂತ" ಎಂದೆ. ಹೆಂಗಸರ ಮಡಿಯ ವಿಷಯಕ್ಕೆ ಇವರು ತಲೆ ಹಾಕುತ್ತಿರಲಿಲ್ಲ. ನಂಬಿದರು.

ಹೊರಡುವ ದಿನ ವ್ಯಾನು ಬಂತು. ಅಕ್ಕ ಬರಲಿಲ್ಲ, ಅವಳ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಿದ್ದರಂತೆ. ಸಾಬರು ಕೇಳಿಯೇಬಿಟ್ಟರು, "ಒಂದು ಸೀಟು ಪೂರಾ ಖಾಲಿ ಐತ್ರಿ. ಅಜ್ಜೀರು ಬರತಾರೇನು?"

ಅತ್ಯಾ ಬಾಗಿಲೊಳಗೆ ಹೂಬತ್ತಿಯ ಪೊಟ್ಟಣ ಹಿಡಿದು ನಿಂತಿದ್ದರು. ಆ ಮಾತು ಅವರಿಗೆ ಕೇಳಿಸಿತೋ ಇಲ್ಲವೋ. ಬೇರೆ ಯಾರೂ ಬಾಯಿ ತೆರೆಯುವ ಮೊದಲೇ ನಾನು "ಇಲ್ಲ, ಬರೂದಿಲ್ಲ" ಅಂದೆ. ಜಾಗವಿಲ್ಲವೆಂದು ಹೇಳಿಬಿಟ್ಟಿದ್ದೆನಲ್ಲ, ಈಗ ಇದೆ ಎಂದರೆ ಹೇಗೆ — ಅಷ್ಟು ಸಣ್ಣ ನಾಚಿಕೆಗೆ ಅಷ್ಟು ದೊಡ್ಡದನ್ನು ಕೊಟ್ಟೆ. ಆ ಸೀಟಿನ ಮೇಲೆ ಉಂಡಿಯ ಬುಟ್ಟಿ ಇಟ್ಟೆ. ಹಾವೇರಿ ದಾಟಿ ಹಿರೇಕೆರೂರಿನ ತನಕ ಬುಟ್ಟಿ ಸುಖವಾಗಿ ಕೂತು ಬಂತು.

ತುಂಗಕ್ಕ ಮಲಗಿದಲ್ಲಿಂದಲೇ ಬಾಗಿಲು ನೋಡುತ್ತಿದ್ದಳು. ನಾವೆಲ್ಲ ಒಳಗೆ ಬಂದ ಮೇಲೂ ನೋಡುತ್ತಿದ್ದಳು. "ಅಕ್ಕ?" ಅಂದಳು. ಅತ್ಯಾ ಕೊಟ್ಟು ಕಳಿಸಿದ್ದ ಹೂಬತ್ತಿ ಕೊಟ್ಟೆ. ಮೂಸಿ ನೋಡಿ ದಿಂಬಿನ ಕೆಳಗಿಟ್ಟುಕೊಂಡಳು.

ಶ್ರಾವಣಕ್ಕೆ ಮುಂಚೆ ತುಂಗಕ್ಕ ತೀರಿಕೊಂಡ ಆ ಸುದ್ದಿ ಬಂತು. ಕೋರ್ಟಿಗೆ ಯಾರೋ ಫೋನು ಮಾಡಿದ್ದರಂತೆ. ಇವರು ಸಿಕ್ಕ ಗಾಡಿ ಹತ್ತಿ ಮನೆಗೆ ಬಂದರು. ಅದು ಬಸಪ್ಪನ ಜೀಪು.

ಅತ್ಯಾ ಬಾವಿಯ ನೀರು ಸುರಿದುಕೊಂಡು ಒದ್ದೆ ಸೀರೆಯಲ್ಲೇ ಹೊರಗೆ ಬಂದರು. "ತೊಗಲಾದರ ತೊಗಲು, ನಾ ಬರ್ತೇನಿ, ನಡಿ" ಅಂದರು. "ಬಂದ ಮ್ಯಾಲೆ ಮತ್ತ ಸ್ನಾನಾ ಮಾಡಿದರಾತು."

"ಯಾವ ತೊಗಲು, ಅತ್ಯಾ?" ಅಂದರು ಇವರು.

ಬಸಪ್ಪ ನಕ್ಕ, ಪಾಪ, ಅವನಿಗೇನು ಗೊತ್ತು. "ತೊಗಲು ಎಲ್ಲೈತ್ರೀ ಅಜ್ಜೀ? ಒಳಗ ತೆಂಗಿನ ನಾರು, ಮ್ಯಾಲೆ ನಮ್ಮ ಮನಿಯಾಕಿ ಹೊಲದ ಖಾಕಿ ಬಟ್ಟಿ. ಮದಲಿಂದನೂ ಹಿಂಗ ಐತಿ."

ಬಟ್ಟೆ ಒಂದು ಕಡೆ ಹರಿದಿತ್ತು. ಯಾರ ಮನೆಯ ಸಾಮಾನನ್ನೂ ಮುಟ್ಟದ ಅತ್ಯಾ ಕೈ ಚಾಚಿ, ಹೊರಗೆ ಬಂದಿದ್ದ ನಾರನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ನನ್ನ ಕಡೆ ತಿರುಗಿದರು.

"ಧಾಬಳಿ ತಾ, ಸುಶೀಲಾ."

ತಂದುಕೊಟ್ಟೆ. ಬೇರೇನೂ ಕೇಳಲಿಲ್ಲ. ಆಗಲೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಅವರು ಮುಟ್ಟುವ ಹೊತ್ತಿಗೆ ಹಿರೇಕೆರೂರಿನಲ್ಲಿ ಎಲ್ಲ ಮುಗಿದಿತ್ತು. ತಿರುಗಿ ಬಂದು ಅದೇ ಮನೆಯಲ್ಲಿ, ನನ್ನ ಕೈಯಿಂದ ನೀರು ಎತ್ತಿಸಿಕೊಂಡು, ನನ್ನ ಬಾಣಂತನ ನೋಡಿ, ನನ್ನ ಮಕ್ಕಳಿಗೆ ಶ್ಲೋಕ ಕಲಿಸಿ, ಒಂದು ಏಕಾದಶಿಯ ದಿನ ಹೋದರು. ಕಾಲಿಗೆ ಬಿದ್ದಾಗಲೆಲ್ಲ "ಸುಖವಾಗಿರು" ಅಂದರು. ಪ್ರತಿ ಸಲವೂ ಹೇಳಬೇಕೆಂದುಕೊಂಡೆ, ಪ್ರತಿ ಸಲವೂ ಎದ್ದು ಬಂದೆ.

ಸಂಜೆ ದೀಪ ಹಚ್ಚಿ ದೇವರು ಮಾಡಿದ ಸಣ್ಣ ಸಣ್ಣ ಉಪಕಾರ ನೆನೆಯುವುದು ನನ್ನ ರೂಢಿ. ಮಗುವಿನ ಜ್ವರ ಇಳಿಯಿತು, ಮಾಳಿಗೆ ಸೋರಲಿಲ್ಲ, ಹಾಲು ಕೆಡಲಿಲ್ಲ. ಅತ್ಯಾ ಕೇಳಲಿಲ್ಲವೆಂಬುದನ್ನೂ ಬಹಳ ವರ್ಷ ಅದರಲ್ಲೇ ಸೇರಿಸಿದ್ದೆ. ಕೇಳದೆ ಬಿಟ್ಟದ್ದು ಅವರ ದೊಡ್ಡತನ. ಅದನ್ನು ನನ್ನ ಪುಣ್ಯವೆಂದು ಎಣಿಸಿದ್ದು ಎರಡನೆಯ ಕಳವು. ಮಗನ ಗಾಡಿಯಲ್ಲಿ ಕೂರುವ ಮೊದಲು ಇದನ್ನು ಅವನ ಕೈಗೆ ಕೊಡುತ್ತೇನೆ. ಓದಲಿ. ಆಮೇಲೆ ಎಲ್ಲಿ ಕೂರಿಸುತ್ತಾನೋ ಅಲ್ಲಿ ಕೂರುತ್ತೇನೆ.

ಆ ದಿನ ಜೀಪು ತಿರುಗುವಾಗ ಹಿಂದಿನಿಂದ ಕಂಡಿತು. ಇವರು ಮುಂದೆ ಬಸಪ್ಪನ ಪಕ್ಕದಲ್ಲಿದ್ದರು. ಹಿಂದಿನ ಎರಡು ಉದ್ದ ಸೀಟಿನಲ್ಲಿ ಅತ್ಯಾ ಒಬ್ಬರೇ, ಒಳಗಿನ ಮೂಲೆಯಲ್ಲಿ, ಧಾಬಳಿಯ ಮೇಲೆ. ಉಳಿದದ್ದೆಲ್ಲ ಖಾಲಿ. ಧೂಳು ಇಳಿಯುವ ತನಕ ನಿಂತಿದ್ದು ಒಳಗೆ ಬಂದೆ. ಮೊರ ಓರೆಯಾಗಿಯೇ ಇತ್ತು. ಅಕ್ಕಿಯನ್ನೆಲ್ಲ ಒಂದು ಕಡೆ ಸುರಿದುಕೊಂಡು, ಮೊದಲಿನಿಂದ ಕಲ್ಲು ಆರಿಸತೊಡಗಿದೆ.