ತಪ್ಪಿಲ್ಲದ ಸೀರೆ

ಸೇಲಂನಲ್ಲಿ ಧರ್ಮಪುರಿ ಬಸ್ಸಿಗೆ ಇನ್ನೂ ಹೊತ್ತಿತ್ತೆಂದು ಕೈಮಗ್ಗದ ಚೌಡಪ್ಪನವರ ಮನೆಗೆ ಹೋದೆ. ಅವರು ನೇಯ್ದ ಸೀರೆ ವಾಪಸ್ ಬಂದಿತ್ತು. ಕೈಮಗ್ಗದ್ದಾದರೆ ಎಲ್ಲಾದರೂ ಒಂದೆಳೆ ತಪ್ಪಿರಲೇಬೇಕೆಂದು ಕೊಂಡವಳು ಫೋನಿನ ವಿಡಿಯೋದಲ್ಲಿ ಕಲಿತಿದ್ದಾಳೆ. ಇದರಲ್ಲಿ ತಪ್ಪೇ ಇಲ್ಲ, ಹಾಗಾಗಿ ಮಿಷನ್ನಿನದು ಎಂದು ಅವಳ ದೂರು.

"ನಲವತ್ತೊರ್ಸ ತಪ್ಪು ಬರಬಾರ್ದು ಅಂತ ಕಣ್ಣು ಕಳ್ಕೊಂಡೆ, ಸಾಮಿ. ಈಗ ನೂಲು ಕೊಟ್ಟು ಸೀರೆ ನೇಯ್ಸೋ ಮುದಲಾಳಿನೇ ಸೀರೆಗೊಂದು ತಪ್ಪು ಆಕಯ್ಯಾ ಅಂತಾರೆ," ಎಂದರು.

ಒಳಗಿಂದ ಹೆಂಡತಿ ಕೂಗಿದರು: "ಒಂದು ತಪ್ಪು ಆಕಿ ತೊಲಗ್ಸಿ! ಮಗ್ಗದಾಗಿರೋದೂ ವಾಪಸ್ ಬಂದ್ರೆ ಅವ್ರು ನೂಲೇ ಕೊಡಾಕಿಲ್ಲ. ಆಮ್ಯಾಕೆ ಮಗ್ಗದ ಮ್ಯಾಲೆ ಒದ್ದೆ ಬಟ್ಟೆ ಒಣಗಾಕೋಣ."

ಚೌಡಪ್ಪ ಮಗ್ಗದ ಗುಂಡಿಗಿಳಿದು, ನಾಲ್ಕೆಳೆ ನೇಯ್ದು, ಲಾಳಿ ನಿಲ್ಲಿಸಿ, ಉಗುರಿನಿಂದ ಒಂದೆಳೆ ಕಿತ್ತರು. ಮರುಗಳಿಗೆಯಲ್ಲೇ ಅವರ ಬೆರಳುಗಳು ತಾವಾಗಿಯೇ ಅದನ್ನು ಹೊಸೆದು ಸೇರಿಸಿಬಿಟ್ಟವು.

"ಥೂ," ಎಂದು ಮತ್ತೆ ಕಿತ್ತರು.