ಅವ್ವನ ನೀರಿಗೆ ನಾನು ಕಾವಲು

ದಿನಕ್ಕೆ ಎರಡು ಲೋಟ, ಅದರ ಮೇಲೆ ಒಂದು ಹನಿಯೂ ಕೂಡದು ಎಂದು ವಿಜಾಪುರದ ಡಾಕ್ಟರು ಹೇಳಿದ ದಿನದಿಂದ ನಾನು ಮುದ್ದೇಬಿಹಾಳದ ತವರುಮನೆಯಲ್ಲಿ ನೀರಿಗೆ ಕಾವಲು ಕೂತೆ. ಕೂತೆ ಅನ್ನುವುದೇ ಸುಳ್ಳು. ಒಂದು ಗಳಿಗೆ ಒಂದು ಕಡೆ ಕೂತವಳಲ್ಲ.

"ಕಿಡ್ನಿ ಎರಡೂ ಸೋತಾವ್ರಿ. ನೀರು ಹೆಚ್ಚಾತಂದ್ರ ಎದಿಗಿ ಏರತೈತಿ, ಉಸರ ಕಟ್ಟತೈತಿ" ಎಂದಿದ್ದರು ಡಾಕ್ಟರು. ಎಪ್ಪತ್ತರ ದಶಕದ ಮಾತು. ಗುಳಿಗೆ, ಪಥ್ಯ ಬಿಟ್ಟರೆ ನಮ್ಮ ಕಡೆ ಬೇರೆ ದಾರಿ ಇರಲಿಲ್ಲ. ಸಿಂದಗಿಯಲ್ಲಿ ಗಂಡನನ್ನು ಬಿಟ್ಟು, ಮಕ್ಕಳನ್ನು ಅತ್ತೆಯ ಉಡಿಗೆ ಹಾಕಿ ಓಡಿ ಬಂದಿದ್ದೆ. ಅಡುಗೆಮನೆಯ ಕೊಡಗಳನ್ನೆಲ್ಲ ಹಿತ್ತಲ ಬಚ್ಚಲಿಗೆ ಸಾಗಿಸಿ ಚಿಲಕ ಹಾಕಿದೆ. ನನಗೆ ನೀರಡಿಸಿದರೂ ಅಲ್ಲಿಗೇ ಹೋಗಿ, ಸಪ್ಪಳ ಕೇಳದ ಹಾಗೆ ಸೆರಗು ಅಡ್ಡ ಹಿಡಿದು ಕುಡಿಯುತ್ತಿದ್ದೆ. ನಮ್ಮ ಮನೆಯಲ್ಲೇ ನಾನು ಕಳ್ಳಿ!

ಅವ್ವ ಬೈಯಲಿಲ್ಲ, ಬೇಡಲಿಲ್ಲ. ಪೂಜೆ ಹೆಚ್ಚು ಮಾಡಿದಳು. ಅಲ್ಲಿಯವರೆಗೆ ಬೆಳಿಗ್ಗೆ ಜಳಕ ಮಾಡಿ, ಕೊರಳ ಲಿಂಗವನ್ನು ಎಡ ಅಂಗೈ ಮೇಲಿಟ್ಟು ಎರಡು ನಿಮಿಷ ಕಣ್ಣು ಮುಚ್ಚಿ, "ಹೊಲಕ್ಕ ಹೊತ್ತಾತು" ಎಂದು ಏಳುತ್ತಿದ್ದ ಹೆಂಗಸು. ಈಗ ಮುಂಜಾನೆ, ಮಧ್ಯಾಹ್ನ, ಸಂಜೆ, ನಡುನಡುವೆ ಇನ್ನೆರಡು ಸಲ. ವಿಭೂತಿ, ಪತ್ರಿ, ತಂಬಿಗೆ ನೀರು. ತಂಬಿಗೆ ತುಂಬಿ ಕೊಡುತ್ತಿದ್ದವಳು ನಾನೇ. ಓಣಿಯ ಹೆಂಗಸರು "ಎಂಥಾ ಭಕ್ತಿ ಬಂತವ್ವಾ!" ಎಂದು ಕೈ ಮುಗಿದರು. ನಾನೂ ಬಸವನ ಬಾಗೇವಾಡಿಗೆ ಹೋಗಿ ಹರಕೆ ಹೊತ್ತು ಬಂದೆ. ದೇವರು ಕಣ್ಣು ಬಿಟ್ಟಿರಬಹುದು ಎಂದು ದಿನಾ ಅವಳ ಕಾಲಿನ ಬಾವನ್ನು ಬೆರಳೊತ್ತಿ ನೋಡುತ್ತಿದ್ದೆ. ಒತ್ತಿದಲ್ಲಿ ತಗ್ಗು ಹಾಗೇ ನಿಲ್ಲುತ್ತಿತ್ತು. ಎಂಟು ದಿನದಲ್ಲಿ ಮುಖವೂ ಊದಿತು.

ಒಂದು ಮಧ್ಯಾಹ್ನ ಪೂಜೆಗೆ ಹೂ ಕೊಡಲು ಒಳಗೆ ಹೋದೆ. ಲಿಂಗದ ಮೇಲೆ ಎರೆದ ನೀರು ಕೆಳಗಿನ ಬಟ್ಟಲಲ್ಲಿ ತುಂಬಿತ್ತು. ಅವ್ವ ಅದನ್ನೆತ್ತಿ ಗಟಗಟ ಕುಡಿಯುತ್ತಿದ್ದಳು. ತಂಬಿಗೆ ಬರಿದಾಗಿತ್ತು.

"ಯವ್ವಾ! ಏನ್ ಮಾಡಾಕತ್ತಿ ಬೇ?"

"ತೀರ್ಥ ತಗೋಳಾಕತ್ತೇನಿ."

"ಬಟ್ಟಲ ತುಂಬ? ಡಾಕ್ಟರು ಹೇಳಿದ್ದು ಮರತೇನು?"

"ಅವರು ನೀರು ಬ್ಯಾಡಂದಾರ, ತೀರ್ಥ ಬ್ಯಾಡ ಅಂದಿಲ್ಲ. ಇದು ಲಿಂಗಕ್ಕ ಮುಟ್ಟಿದ್ದು ತಂಗಿ. ಯಾರಿಗೂ ಕೆಡಕ ಮಾಡಂಗಿಲ್ಲ."

ಸುಳ್ಳು ಹೇಳುವ ಮುಖವಾಗಿರಲಿಲ್ಲ ಅದು. ನಂಬಿಯೇ ಕುಡಿದಿದ್ದಳು. ನನಗೆ ಪಿತ್ತ ನೆತ್ತಿಗೇರಿತು. ಬಟ್ಟಲು ಕಸಿದು ಗೋಡೆಗೆ ಒಗೆದೆ. ಪೂಜೆಯ ಬಟ್ಟಲು! "ಬೆಂಕಿ ಹಚ್ಚು ನಿನ್ನ ಭಕ್ತಿಗೆ! ನೀರಡಿಕಿಗೆ ದೇವರನ್ನ ಅಡ್ಡ ಇಟ್ಟಿ!" ಎಂದು ಒದರಿದೆ. ಆ ಮಾತು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಸಪ್ಪಳ ಕೇಳಿ ಪಕ್ಕದ ಮನೆಯ ಚಾಚಿ ಓಡಿ ಬಂದಳು; ಅವ್ವನೂ ಅವಳೂ ಹರೆಯದಿಂದ ಗೆಳತಿಯರು. ನನ್ನನ್ನು ಪಡಸಾಲೆಗೆ ಎಳೆದುಕೊಂಡು ಹೋಗಿ ಹೇಳಿದಳು: "ರಂಜಾನದಾಗ ರೋಜಾ ಹಿಡದಾಗ ಹೊತ್ತು ಮುಳುಗಿದ ಮ್ಯಾಲೆ ನೀರು ಐತಿ ಅಂತ ನಮಗ ಗೊತ್ತಿರತೈತಿ. ನಿಮ್ಮವ್ವಗ ಯಾವ ಹೊತ್ತು ಮುಳುಗಬೇಕು, ಹೇಳು ಮಗಳ?"

ಆದರೂ ನನ್ನ ಹಟ ಇಳಿಯಲಿಲ್ಲ. ಮರುದಿನದಿಂದ ತಂಬಿಗೆ ಬಂದ್ ಮಾಡಿ ಒಂದು ಪೂಜೆಗೆ ಒಂದೇ ಚಮಚ ನೀರು ಕೊಟ್ಟೆ. ನೀರು ಹೋದರೆ ಪೂಜೆಯೂ ಹೋಗುತ್ತದೆ, ನೋಡೇ ಬಿಡೋಣ ಎಂದು ಕಾದೆ. ಅವಳು ಐದು ಸಲವೂ ಕೂತಳು. ಆ ಚಮಚ ನೀರು ಅಂಗೈಯಲ್ಲೇ ನಿಲ್ಲುತ್ತಿತ್ತು. ಅದನ್ನು ತುಟಿಗೆ ಹಚ್ಚಿಕೊಂಡು ಮೊದಲಿಗಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚಿ ಕೂರುತ್ತಿದ್ದಳು. ನಾನು ಒಳಗೆ ಹೊರಗೆ ತಿರುಗುತ್ತಿದ್ದೆ. ಉಸಿರು ಆಡುತ್ತಿದೆಯೇ? ತುಟಿ ಒಣಗಿತೇ? ಬಚ್ಚಲ ಚಿಲಕ ಹಾಕಿದ್ದೇನೆಯೇ?

"ಅಷ್ಟೊತ್ತು ಕುಂತು ಏನು ಕೇಳ್ತಿ ಬೇ ದೇವರಿಗೆ?" ಎಂದು ಒಂದು ದಿನ ತಡೆಯಲಾರದೆ ಕೇಳಿದೆ.

"ಏನೂ ಕೇಳಂಗಿಲ್ಲ. ಕುಂತಷ್ಟು ಹೊತ್ತು ಈ ಬ್ಯಾನಿ ಬ್ಯಾರೆ ಯಾರದೋ ಅನಸ್ತೈತಿ."

ನನಗೆ ಹೊಟ್ಟೆಕಿಚ್ಚಾಯಿತು. ಸಾಯುವ ಬೇನೆ ಅವಳಿಗೆ, ನಿದ್ದೆ ಕೆಟ್ಟದ್ದು ನನಗೆ.

ಎರಡು ತಿಂಗಳ ಮೇಲೆ ಮತ್ತೆ ವಿಜಾಪುರಕ್ಕೆ ಕರೆದೊಯ್ದೆ. ಡಾಕ್ಟರು ಅವಳ ಕೈ ಮೆಲ್ಲಗೆ ಕೆಳಗಿಟ್ಟು, "ಇನ್ನ ಬೇಡಿದಷ್ಟು ನೀರು ಕೊಡ್ರಿ ಅಕ್ಕಾರ" ಎಂದರು. ಅವ್ವ ಇನ್ನು ಉಳಿಯುವುದಿಲ್ಲ ಎಂದು ಅದರಲ್ಲೇ ತಿಳಿಯಿತು. ಮನೆಗೆ ಬಂದು ಅವಳನ್ನು ಮಲಗಿಸಿದವಳೇ ಬಚ್ಚಲಿಗೆ ಓಡಿ, ತಂಬಿಗೆ ತುಂಬ ತಣ್ಣೀರು ತಂದೆ. ಓಡುವಾಗ ತುಳುಕಿ ಸೀರೆಯೆಲ್ಲ ತೊಯ್ದಿತು. ಅವ್ವ ಎರಡು ಗುಟುಕು ಕುಡಿದು ತಂಬಿಗೆಯನ್ನು ನನ್ನ ಕಡೆ ಸರಿಸಿದಳು.

"ಉಳದದ್ದು ನೀ ಕುಡಿ. ಬಚ್ಚಲದಾಗ ಕದ್ದು ಕುಡದು ಕುಡದು ಸೊರಗಿ ಹೋಗೀದಿ. ಇಲ್ಲೆ ಕುಂದರು. ನಾ ನೋಡ್ತೇನಿ."

ಅವಳ ಎದುರಿಗೆ ಕೂತು ಅಷ್ಟೂ ಕುಡಿದೆ.